ಸಣ್ಣ ಗಾಯ, ದುಡಿಯುವ ಬೆನ್ನು



ದೀಪಾವಳಿ ಮುಗಿದು ಕಾರ್ಖಾನೆಗಳು ಶುರುವಾದವೆಂದರೆ ಮುಗಳಖೋಡದ ಸೀಮೆಯ ದಾರಿಗಳೆಲ್ಲ ಕಬ್ಬಿನ ಟ್ರೇಲರುಗಳಿಂದ ತುಂಬುತ್ತವೆ. ಕಡಿಯುವವರು ನಸುಕಿನಿಂದಲೇ ಬಗ್ಗಿರುತ್ತಾರೆ. ಹೇರುವವರು ತಲೆಯ ಮೇಲೆ ಹೊರೆ ಹೊತ್ತು, ಟ್ರೇಲರಿಗೆ ಆನಿಸಿದ ಹಲಗೆಯ ಮೇಲೆ ಒಂದೊಂದೇ ಹೆಜ್ಜೆ ಇಡುತ್ತ ಏರುತ್ತಾರೆ. ಇಬ್ಬನಿ ಬಿದ್ದ ದಿನ ಆ ಹಲಗೆ ಜಾರುತ್ತದೆ. ಅಲ್ಲಿಂದ ಬಿದ್ದರೂ, ಆಡಿಗೆ ಸೊಪ್ಪು ಕಡಿಯಲು ಹತ್ತಿದ ಬೇವಿನ ಮರದಿಂದ ಬಿದ್ದರೂ, ಕಟ್ಟೆಯಿಲ್ಲದ ಬಾವಿಗೆ ಬಿದ್ದರೂ ಏಟು ಹೆಚ್ಚಾಗಿ ತಗಲುವುದು ಒಂದೇ ಜಾಗಕ್ಕೆ. ಬೆನ್ನೆಲುಬಿನಲ್ಲಿ ಎದೆಯ 12 ಮಣಿಗಳನ್ನು ಪಕ್ಕೆಲುಬುಗಳು ಬಿಗಿಯಾಗಿ ಹಿಡಿದಿರುತ್ತವೆ. ಸೊಂಟದ 5 ಮಣಿಗಳು ಸಡಿಲವಾಗಿ ಬಾಗುತ್ತವೆ. ಬಿಗಿಯೂ ಸಡಿಲವೂ ಕೂಡುವಲ್ಲಿ, ಅಂದರೆ ಎದೆಯ ಕೊನೆಯ ಮಣಿ ಮತ್ತು ಸೊಂಟದ ಮೊದಲ ಮಣಿಯ ಸುತ್ತ, ಬಿದ್ದ ದೇಹದ ಭಾರವೆಲ್ಲ ಬಂದು ನಿಲ್ಲುತ್ತದೆ. ಬೆನ್ನುಹುರಿ ಮುಗಿಯುವುದೂ ಅಲ್ಲೇ ಹತ್ತಿರ. ಎಲುಬಿನ ಚೂರು ಒಳಗೆ ಸರಿದರೆ ಕಾಲಿನ ಬಲ, ಮೂತ್ರದ ಹಿಡಿತ ಎರಡೂ ಹೋಗಬಹುದು.

ಇಂಥ ಮುರಿತಕ್ಕೆ ಸಣ್ಣ ಗಾಯದ ಶಸ್ತ್ರಚಿಕಿತ್ಸೆ ಬಂದು ಎರಡು ದಶಕಗಳ ಮೇಲಾಯಿತು. ಅದರ ಮಾತೆತ್ತಿದರೆ ಕಲೆ ಕಾಣುವುದಿಲ್ಲ, ಬೇಗ ಮನೆಗೆ ಹೋಗಬಹುದು ಎಂಬ ಹೊಗಳಿಕೆಯೇ ಮೊದಲು ಕೇಳುತ್ತದೆ. ಹೀಗಾಗಿ ಅದು ಪಟ್ಟಣದವರ ಅನುಕೂಲದ ವಸ್ತುವೆಂಬ ಭಾವನೆ ಬೇರೂರಿದೆ. ನನ್ನ ವಾದ ಬೇರೆ. ಈ ವಿಧಾನವನ್ನು ತೊಗಲಿನ ಗಾಯದ ಉದ್ದದಿಂದ ಅಳೆಯಬಾರದು, ಒಳಗೆ ಉಳಿದ ಸ್ನಾಯುವಿನಿಂದ ಅಳೆಯಬೇಕು. ಹಾಗೆ ಅಳೆದರೆ ಅದು ಎಲ್ಲರಿಗಿಂತ ಹೆಚ್ಚಾಗಿ ಬೇಕಾದದ್ದು ಬಗ್ಗಿ ದುಡಿಯುವವರಿಗೆ.

ಹಳೆಯ ಕ್ರಮದಲ್ಲಿ ಬೆನ್ನಿನ ನಡುವೆ ಉದ್ದಕ್ಕೆ ಕೊಯ್ದು, ಎಲುಬಿಗೆ ಅಂಟಿದ ಸ್ನಾಯುವನ್ನು ಎರಡೂ ಬದಿಗೆ ಬಿಡಿಸಿ, ಕೆಲಸ ಮುಗಿಯುವವರೆಗೆ ಉಕ್ಕಿನ ಕೊಕ್ಕೆಗಳಿಂದ ಅಗಲಿಸಿ ಹಿಡಿಯಬೇಕು. ಒತ್ತಡಕ್ಕೆ ಸಿಕ್ಕ ಸ್ನಾಯುವಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಅದಕ್ಕೆ ಬರುವ ಎಳೆನರಗಳೂ ಕಡಿದುಹೋಗುತ್ತವೆ. ಮುಂದೆ ಆ ಸ್ನಾಯುವಿನ ಜಾಗದಲ್ಲಿ ಕೊಬ್ಬೂ ಗಾಯದ ನಾರೂ ತುಂಬಿಕೊಳ್ಳುವುದು ಎಂಆರ್‌ಐ ಚಿತ್ರಗಳಲ್ಲಿ ಕಾಣುತ್ತದೆ. ಬಗ್ಗಿದವರನ್ನು ಮತ್ತೆ ನೆಟ್ಟಗೆ ನಿಲ್ಲಿಸುವುದು ಈ ಸ್ನಾಯುವೇ.

ಹೊಸ ಕ್ರಮದಲ್ಲಿ ರೋಗಿಯನ್ನು ಬೋರಲು ಮಲಗಿಸಿ, ಸಿ-ಆರ್ಮ್ ಎಂಬ ಎಕ್ಸ್‌-ರೇ ಯಂತ್ರದ ಪರದೆ ನೋಡುತ್ತ ಒಂದೆರಡು ಸೆಂಟಿಮೀಟರಿನ ಗಾಯ ಮಾಡುತ್ತಾರೆ. ಪ್ರತಿ ಮಣಿಯ ಹಿಂಬದಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಎಲುಬಿನ ಕಂಬವಿದೆ. ಸೊಂಟದಲ್ಲಿ ಅದು ಹೆಚ್ಚುಕಡಿಮೆ ಬೆರಳಿನ ದಪ್ಪ. ಆ ಕಂಬದೊಳಗೆ ಟೊಳ್ಳು ಸೂಜಿ ಇಳಿಸುತ್ತಾರೆ, ಸೂಜಿಯೊಳಗಿಂದ ತೆಳುತಂತಿ, ತಂತಿಯ ಮೇಲಿಂದ ಒಂದಕ್ಕಿಂತ ಒಂದು ದಪ್ಪನೆಯ ಕೊಳವೆಗಳು. ಕೊಳವೆ ಸ್ನಾಯುವಿನ ಎಳೆಗಳನ್ನು ಕಡಿಯುವುದಿಲ್ಲ, ಸರಿಸಿ ದಾರಿ ಮಾಡಿಕೊಳ್ಳುತ್ತದೆ. ಅದೇ ದಾರಿಯಲ್ಲಿ ಟೈಟೇನಿಯಂ ಸ್ಕ್ರೂ ಇಳಿಯುತ್ತದೆ. ಮುರಿದ ಮಣಿಯ ಮೇಲೂ ಕೆಳಗೂ ಸ್ಕ್ರೂ ಕೂತ ಮೇಲೆ ತೊಗಲಿನ ಅಡಿಯಿಂದ ಸರಳು ತೂರಿಸಿ ಬಿಗಿಯುತ್ತಾರೆ. ಸ್ವಿಟ್ಜರ್ಲೆಂಡಿನ ಫ್ರಿಟ್ಜ್ ಮಾಗರ್ಲ್ 1977ರ ಸುಮಾರಿಗೆ ತೊಗಲ ಮೂಲಕ ಸ್ಕ್ರೂ ಹಾಕಿದರಾದರೂ ಸರಳನ್ನು ಮೈಯ ಹೊರಗೇ ಕೂರಿಸಬೇಕಾಗಿತ್ತು. ಅದನ್ನು ಒಳಗೇ ಕೂರಿಸುವ ಸಾಧನವನ್ನು 2001ರಲ್ಲಿ ಅಮೆರಿಕದ ಕೆವಿನ್ ಫೋಲಿ ಪ್ರಕಟಿಸಿದ ಮೇಲೆ ಈ ಪದ್ಧತಿ ಹರಡಿತು.

ನನ್ನ ವಾದಕ್ಕೆ ಎದುರಾಗಿ ಬರುವ ಬಲವಾದ ಮಾತನ್ನು ಮುಚ್ಚಿಡಬಾರದು. ಎರಡೂ ಕ್ರಮಗಳನ್ನು ಹೋಲಿಸಿದ ಅಧ್ಯಯನಗಳಲ್ಲಿ ರಕ್ತ ಕಡಿಮೆ ಹೋಗುವುದು, ಮೊದಲ ವಾರಗಳ ನೋವು ತಗ್ಗುವುದು, ಆಸ್ಪತ್ರೆಯ ದಿನಗಳು ಉಳಿಯುವುದು ಸ್ಪಷ್ಟವಾಗಿದೆ. ವರ್ಷ ಕಳೆದ ಮೇಲೆ ಎರಡರ ಫಲಿತಾಂಶವೂ ಹತ್ತಿರ ಹತ್ತಿರ ಬರುತ್ತದೆ. ಹಾಗಿದ್ದರೆ ಹೊಸದು ಯಾಕೆ ಬೇಕು? ಪಗಾರದ ಮೇಲೆ ರಜೆ ಹಾಕುವವರಿಗೆ ಮೊದಲ ಮೂರು ತಿಂಗಳು ಕಳೆದುಹೋಗುವ ಕಾಲ. ಉಚಲು, ಅಂದರೆ ಮುಂಗಡ, ತೆಗೆದುಕೊಂಡು ಕಬ್ಬು ಕಡಿಯುವ ಗ್ಯಾಂಗಿಗೆ ಬಂದವರಿಗೆ ಆ ಮೂರು ತಿಂಗಳೇ ಹಂಗಾಮು. ಅಂಥವರ ಪಾಲಿಗೆ ಮೊದಲ ತಿಂಗಳುಗಳ ಲಾಭವನ್ನು ಚಿಕ್ಕದೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇನ್ನೂ ಗಟ್ಟಿಯಾದ ಆಕ್ಷೇಪ, ಆಪರೇಷನ್ನೇ ಬೇಕೆ ಎಂಬುದು. ಮಣಿ ಒಡೆದಿದ್ದರೂ ಅಲುಗದೆ ನಿಂತ, ನರಕ್ಕೆ ಧಕ್ಕೆಯಾಗದ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಶಸ್ತ್ರಕ್ರಿಯೆ, ಇನ್ನೊಂದಕ್ಕೆ ಬೆನ್ನು ಅಲುಗದಂತೆ ಪಟ್ಟಿ ಹಾಕಿ ನೋಡಿದ ಅಮೆರಿಕದ ಕಿರ್ಕ್‌ಹ್ಯಾಮ್ ವುಡ್ ಮತ್ತು ಸಂಗಡಿಗರು 2003ರಲ್ಲಿ ವರದಿ ಮಾಡಿದರು: ಶಸ್ತ್ರಕ್ರಿಯೆಯಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಇದು ನನ್ನ ವಾದವನ್ನು ಅಲ್ಲಗಳೆಯುವುದಿಲ್ಲ, ಅದಕ್ಕೊಂದು ಗಡಿ ಹಾಕುತ್ತದೆ. ಸ್ನಾಯು ಉಳಿಸುವುದೇ ಗುರಿಯೆಂದ ಮೇಲೆ, ಮುಟ್ಟದೆ ವಾಸಿಯಾಗುವ ಬೆನ್ನನ್ನು ಮುಟ್ಟಬಾರದು. ಗಾಯ ಸಣ್ಣದೆಂಬ ಕಾರಣಕ್ಕೆ ಬೇಡದ ಕಡೆಯೂ ಸ್ಕ್ರೂ ಹಾಕಿಸಿಕೊಳ್ಳುವ ಅಪಾಯ ಈ ಪದ್ಧತಿಗೇ ಅಂಟಿಕೊಂಡಿದೆ. ಚೂರು ಬೆನ್ನುಹುರಿಯನ್ನು ಒತ್ತಿ ಕಾಲಿನ ಬಲ ಇಳಿಯುತ್ತಿದ್ದರೆ ಮೊದಲು ಆ ಒತ್ತಡ ತೆಗೆಯಬೇಕು. ಅದಕ್ಕೆ ಬಹಳ ಸಲ ಬೆನ್ನು ತೆರೆಯುವುದೇ ಸರಿ. ಎಕ್ಸ್‌-ರೇ ಕಿರಣವೂ ಹೊಸ ಕ್ರಮದಲ್ಲಿ ಹೆಚ್ಚು, ಅದರ ಭಾರ ದಿನವೂ ಅಲ್ಲಿ ನಿಲ್ಲುವ ವೈದ್ಯರ, ದಾದಿಯರ ಮೇಲೆ ಬೀಳುತ್ತದೆ.

ತಾಯಂದಿರ ವಿಷಯದಲ್ಲಿ ತುಸು ನಿಲ್ಲಬೇಕು. ಮುಟ್ಟು ನಿಂತ ಮೇಲೆ ಎಲುಬು ಟೊಳ್ಳಾಗುತ್ತದೆ; ನೀರಿನ ಕೊಡ ಎತ್ತಿದಾಗಲೋ, ಬಸ್ಸು ಗುಂಡಿಗೆ ಹಾರಿದಾಗಲೋ ಮಣಿ ಕುಸಿಯುತ್ತದೆ. ‘ನಡಾ ಹಿಡದೈತಿ’ ಎಂದು ಎಣ್ಣೆ ತಿಕ್ಕಿಸುತ್ತಾರೆ, ಉಳುಕು ತೆಗೆಸುತ್ತಾರೆ, ಎಕ್ಸ್‌-ರೇ ಮಾತ್ರ ತೆಗೆಸುವುದಿಲ್ಲ. ಕುಸಿದ ಮಣಿಗೆ ಸೂಜಿಯಿಂದ ಸಿಮೆಂಟ್ ತುಂಬುವ ಚಿಕಿತ್ಸೆ 1984ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿತು. 2009ರಲ್ಲಿ ಎರಡು ಪ್ರಯೋಗಗಳು ಅದನ್ನು ಬರೀ ತೋರಿಕೆಯ ಚುಚ್ಚುವಿಕೆಯೊಂದಿಗೆ ಹೋಲಿಸಿ, ವ್ಯತ್ಯಾಸವಿಲ್ಲ ಎಂದವು. 2016ರ ಆಸ್ಟ್ರೇಲಿಯಾದ ಪ್ರಯೋಗ, ಮುರಿದು ಆರು ವಾರದೊಳಗಿದ್ದು ನೋವು ತೀವ್ರವಾಗಿದ್ದವರಿಗೆ ಪ್ರಯೋಜನವಿದೆ ಎಂದಿತು. ಬಹಳಷ್ಟು ತಾಯಂದಿರಿಗೆ ನೋವಿನ ಗುಳಿಗೆ, ನಡೆದಾಟ, ಕ್ಯಾಲ್ಸಿಯಂ, ಎಲುಬು ಗಟ್ಟಿಯಾಗುವ ಔಷಧಿ ಸಾಕು. ಹೊಸ ಮುರಿತ, ತಡೆಯಲಾಗದ ನೋವು ಇದ್ದವರ ಮಾತು ಬೇರೆ.

ಖರ್ಚಿನ ಪ್ರಶ್ನೆ ನಿಜವಾದದ್ದು. ಹೊಸ ಕ್ರಮದ ಸ್ಕ್ರೂಗಳು ಸಾಮಾನ್ಯ ಸ್ಕ್ರೂಗಿಂತ ತುಟ್ಟಿ. 2018ರಿಂದ ಇರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅವಕಾಶವಿದೆ. ಆದರೆ ಬೆಳಗಾವಿಗೋ ಮಿರಜ್‌ಗೋ ಹೋಗುವ ಗಡಿಬಿಡಿಯಲ್ಲಿ ರೇಷನ್ ಕಾರ್ಡು ಮನೆಯಲ್ಲೇ ಉಳಿದಿರುತ್ತದೆ. ಜೊತೆಗೆ ಹೋಗುವವರು ಕಾರ್ಡು ಒಯ್ಯಲಿ. ನರಕ್ಕೆ ಧಕ್ಕೆಯಾಗಿದೆಯೇ, ಮಣಿ ಅಲುಗುತ್ತಿದೆಯೇ, ಪಟ್ಟಿಯಿಂದ ಆಗುವುದಿಲ್ಲವೇ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಲಿ.

ಈ ಎಲ್ಲ ಲೆಕ್ಕವೂ ಬೆನ್ನುಹುರಿ ಉಳಿದಿದ್ದರೆ ಮಾತ್ರ ನಡೆಯುವಂಥದ್ದು. ಹೊಲದಲ್ಲಿ ಬಿದ್ದವರನ್ನು ಒಬ್ಬರು ಕಂಕುಳಿಗೆ, ಒಬ್ಬರು ಕಾಲಿಗೆ ಕೈಹಾಕಿ ಎತ್ತಿದರೆ ನಡು ಜೋಲುತ್ತದೆ. ಟಂಟಂನಲ್ಲಿ ಕೂರಿಸಿದರೆ ಒಡೆದ ಮಣಿ ಮಡಚಿ ಚೂರು ಒಳಗೆ ಸರಿಯಬಹುದು. ಉಸಿರಿದ್ದು ಮಾತಾಡುತ್ತಿದ್ದರೆ ಮಲಗಿದಲ್ಲೇ ಬಿಟ್ಟು 108ಕ್ಕೆ ಫೋನ್ ಮಾಡಬೇಕು. ಸಾಗಿಸಲೇಬೇಕಾದರೆ ನಾಲ್ಕೈದು ಜನ ಸೇರಿ, ಒಬ್ಬರು ತಲೆಯನ್ನೂ ಕುತ್ತಿಗೆಯನ್ನೂ ಅಲುಗದಂತೆ ಹಿಡಿದು, ಉಳಿದವರು ಹೆಗಲು, ಸೊಂಟ, ಕಾಲು ಹಿಡಿದು, ಒಂದೇ ಎಣಿಕೆಗೆ ಕಟ್ಟಿಗೆಯ ದಿಮ್ಮಿ ಉರುಳಿಸಿದಂತೆ ಪಕ್ಕಕ್ಕೆ ಹೊರಳಿಸಬೇಕು. ಬೆನ್ನಿನ ಕೆಳಗೆ ಕೊಡಲು ಹಲಗೆ ಬೇಕು. ಕಬ್ಬಿನ ಹೊಲದಲ್ಲಿ ಅದು ಟ್ರೇಲರಿಗೆ ಆನಿಸಿಯೇ ಇರುತ್ತದೆ.