ಗುಂಡಿಯ ನೀರು ಯಾರದ್ದು?

ಕಳೆದ ವಾರ ಗಣಿ ಪಕ್ಕದ ಊರಿನ ರೈತರೊಬ್ಬರು ನಮ್ಮ ಕಾರ್ಯಕ್ರಮಕ್ಕೆ ಫೋನ್ ಮಾಡಿದ್ರು. "ಸರ್, ನಮ್ಮ ಬೋರ್ ಬತ್ತಿ ಎರಡು ವರ್ಷ ಆಯ್ತು. ಆದ್ರೆ ಗಣಿಯಿಂದ ಹಳ್ಳಕ್ಕೆ ಹಗಲೂ ರಾತ್ರಿ ನೀರು ಬೀಳ್ತಾನೇ ಇದೆ. ಕೇಳಿದ್ರೆ, ನಮಗೆ ಪರ್ಮಿಷನ್ ಇದೆ ಅಂತಾರೆ." ಇನ್ನೇನೋ ಹೇಳೋಷ್ಟರಲ್ಲಿ ಲೈನ್ ಕಟ್ ಆಯ್ತು. ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಉಳೀತು. ಪರ್ಮಿಷನ್ ಇದೆ ಸರಿ, ಆದ್ರೆ ಯಾವುದಕ್ಕೆ?

ಬೇಸಿಗೆಯಲ್ಲಿ ಒಣಗಿದ ಹೊಳೆಯ ಮರಳಿನಲ್ಲಿ ಒರತೆ ತೋಡೋದನ್ನ ನೀವು ನೋಡಿರ್ತೀರಿ. ಮೊಳಕಾಲುದ್ದ ಬಗೆದರೆ ಸುತ್ತಲಿನ ನೀರು ಆ ಗುಂಡಿಗೆ ಬಂದು ನಿಲ್ಲುತ್ತೆ. ಗಣಿಯೂ ಅಷ್ಟೇ. ಅಂತರ್ಜಲದ ಮಟ್ಟಕ್ಕಿಂತ ಕೆಳಗೆ ಅಗೆದರೆ ಸುತ್ತಲಿನ ನೀರು ಒಳಗೆ ಇಳಿಯುತ್ತೆ. ಕೋಲಾರದ ಚಿನ್ನದ ಗಣಿ ಮೂರು ಕಿಲೋಮೀಟರ್‌ಗೂ ಹೆಚ್ಚು ಆಳ. 2001ರ ಫೆಬ್ರವರಿ 28ಕ್ಕೆ ಅದು ಮುಚ್ಚಿತು. ಪಂಪುಗಳು ನಿಂತ ಮೇಲೆ ಸುರಂಗಗಳಿಗೆ ನೀರು ತುಂಬಿತು. ನಾನು ಎಂಜಿನಿಯರಿಂಗ್ ಓದಿದವನು, ನೀರೆತ್ತದೆ ಆಳದ ಗಣಿ ನಡೆಯಲ್ಲ ಅನ್ನೋದನ್ನ ಒಪ್ತೀನಿ. ಆದರೆ ಪಂಪು ಎತ್ತೋದು ಗಣಿಯ ನೀರನ್ನಲ್ಲ, ಸುತ್ತಲಿನ ಊರಿನ ನೀರನ್ನ!

ಹಾಗಾಗಿ ಒಂದು ಕಾಗದ ಸಾಲದು, ಎರಡು ಬೇಕು. ಮೊದಲನೆಯದು ನೀರನ್ನ ಎತ್ತೋದಕ್ಕೆ. 2020ರ ಸೆಪ್ಟೆಂಬರ್ 24ರ ಕೇಂದ್ರ ಮಾರ್ಗಸೂಚಿ ಪ್ರಕಾರ ಹಳೆಯ ಗಣಿಯಾಗಲಿ ಹೊಸ ಗಣಿಯಾಗಲಿ, ಅಂತರ್ಜಲ ಎತ್ತೋದಕ್ಕೆ ಎನ್‌ಒಸಿ ಪಡೀಬೇಕು. ಎತ್ತಿದ ನೀರನ್ನ ಸುಮ್ಮನೆ ಹರಿಯಬಿಡದೆ ಉಪಯೋಗಕ್ಕೆ ತರಬೇಕು. ಅದಿರು ಇರೋ ಕಡೆಯೇ ಅಗೆಯಬೇಕಲ್ಲ, ಅದಕ್ಕೆ ಅಂತರ್ಜಲ ಅತಿಯಾಗಿ ಬಳಕೆಯಾದ ಪ್ರದೇಶದಲ್ಲೂ ಗಣಿಗೆ ನಿಷೇಧ ಇಲ್ಲ. ರಿಯಾಯಿತಿ ಸಿಕ್ಕಿದ ಕಡೆ ಕಣ್ಗಾವಲು ಜಾಸ್ತಿ ಇರಬೇಕು, ಅಲ್ವಾ?

ಎರಡನೆಯದು ನೀರನ್ನ ಹೊರಗೆ ಬಿಡೋದಕ್ಕೆ. 1974ರ ಜಲ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ತ್ಯಾಜ್ಯ ನೀರು ಬಿಡೋದಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು. "ನಾವೇನೂ ಬೆರೆಸಿಲ್ಲ, ಬರೀ ನೆಲದ ನೀರು" ಅನ್ನೋ ವಾದ ಇಲ್ಲೇ ಬರೋದು. ಗುಂಡಿಗೆ ಇಳಿದ ನೀರು ಅದಿರಿನ ಪುಡಿಯನ್ನ ಹೊತ್ತು ಕೆಂಪಾಗುತ್ತೆ. ಕಲ್ಲಿನಲ್ಲಿ ಪೈರೈಟ್ ಇದ್ದರೆ ಗಾಳಿ, ನೀರು ಸೇರಿ ಆಮ್ಲವೇ ಆಗುತ್ತೆ. ಇನ್ನು "ಆ ಹಳ್ಳ ಒಣಗಿದೆ, ಯಾರಿಗೆ ತೊಂದರೆ?" ಅನ್ನೋದು. ಕಾಯ್ದೆಯಲ್ಲಿ ಹಳ್ಳ ಅಂದ್ರೆ ಹರಿಯೋದು ಮಾತ್ರ ಅಲ್ಲ, ಸದ್ಯ ಒಣಗಿರೋದೂ ಸೇರುತ್ತೆ. ನೆಲದೊಳಗಿನ ನೀರೂ ಸೇರುತ್ತೆ!

ಸರಿಯಾದ ದಾರಿ ಇಲ್ವಾ? ಇದೆ. ಗಣಿಯ ಸುತ್ತ ಬೋರ್ ಕೊರೆದು, ನೀರು ಗುಂಡಿಗೆ ಇಳಿಯೋ ಮೊದಲೇ ಮೇಲೆತ್ತಿ ಕೆರೆಗೋ ಹೊಲಕ್ಕೋ ತಿರುಗಿಸಬಹುದು. ಆದರೆ ನೀರು ಶುದ್ಧ ಇದ್ದ ಮಾತ್ರಕ್ಕೆ ಮೊದಲನೇ ಕಾಗದ ಬೇಡ ಅಂತಲ್ಲ. ಶುದ್ಧ ನೀರು ಎತ್ತಿದ್ರೂ ಪಕ್ಕದವರ ಬೋರ್ ಬತ್ತುತ್ತೆ.

ಮೊನ್ನೆ ರೈತರು ಎಡವಿದ್ದು ಇಲ್ಲೇ. ಒಂದು ಕಾಗದ ತೋರಿಸಿದ್ರು, ಇನ್ನೊಂದನ್ನ ಇವರು ಕೇಳಲಿಲ್ಲ. ಜೊತೆಗೆ ಬೋರ್ ಬತ್ತಿದ್ದು ಗಣಿಯಿಂದಲೇ ಅಂತ ರುಜು ಮಾಡೋದು ಸುಲಭ ಅಲ್ಲ. ನಮ್ಮದು ಗಟ್ಟಿ ಕಲ್ಲಿನ ನೆಲ, ನೀರು ಬಿರುಕುಗಳಲ್ಲಿ ಹರಿಯುತ್ತೆ. ಹತ್ತಿರದ ಬೋರ್ ಉಳಿದು ದೂರದ್ದು ಬತ್ತಬಹುದು. ನೀರಿನ ಮಟ್ಟ ಅಳೆದ ಲೆಕ್ಕ ಇಲ್ಲದಿದ್ರೆ ರೈತನ ಮಾತು ಬರೀ ಮಾತಾಗುತ್ತೆ.

ಆ ಲೆಕ್ಕ ಎಲ್ಲಿ ಸಿಗುತ್ತೆ? ಪರಿಸರ ಅನುಮತಿ ಪಡೆದ ಗಣಿ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತು ಪಾಲನೆಯ ವರದಿ ಕೊಡಬೇಕು. 2006ರ ಅಧಿಸೂಚನೆ ಪ್ರಕಾರ ಅದು ಸಾರ್ವಜನಿಕ ದಾಖಲೆ. ಕೇಳಿ. ಕೊಡದಿದ್ರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ನಿಮ್ಮ ಬೋರಿನ ನೀರಿನ ಮಟ್ಟವನ್ನ ತಿಂಗಳಿಗೊಮ್ಮೆ ಅಳೆದು, ತಾರೀಖು ಹಾಕಿ ಬರೆದಿಡಿ.

ಮೊನ್ನೆ ಫೋನ್ ಮಾಡಿದ ಯಜಮಾನರೇ, ನೀವು ನೋಡ್ತಿದ್ರೆ ಇದು ನಿಮಗೇ ಹೇಳಿದ್ದು. ಮುಂದಿನ ಸಲ ಯಾರಾದ್ರೂ ಪರ್ಮಿಷನ್ ಇದೆ ಅಂದ್ರೆ, ಎರಡೂ ಕಾಗದ ತೋರಿಸಿ ಸ್ವಾಮಿ ಅನ್ನಿ. ಎತ್ತೋದಕ್ಕೆ ಒಂದು, ಬಿಡೋದಕ್ಕೆ ಒಂದು.