ಹಾಜರಿ ಪುಸ್ತಕದಲ್ಲಿ ಉಳಿದವರು

ಇವತ್ತು ರಾಜಕೀಯ ಬೇಡ. ಶಿಕಾರಿಪುರ, ಸೊರಬ ಅಂದ ತಕ್ಷಣ ನಮ್ಮ ನ್ಯೂಸ್ ರೂಮಿನಲ್ಲಿ ನೆನಪಾಗೋದು ಎರಡೇ ಮನೆ. ಯಡಿಯೂರಪ್ಪನವರದ್ದು, ಬಂಗಾರಪ್ಪನವರದ್ದು. ಅಪ್ಪಂದಿರ ಲೆಕ್ಕ ಮಕ್ಕಳ ಕಾಲಕ್ಕೂ ಮುಂದುವರಿಯೋದನ್ನ ನಾವು ವರ್ಷಗಟ್ಟಲೆ ತೋರಿಸಿದ್ದೀವಿ. ಅದೇ ಎರಡು ತಾಲ್ಲೂಕಲ್ಲಿ ಇನ್ನೊಂದು ಥರದ ಹಳೇ ಲೆಕ್ಕವೂ ಇದೆ. ಅದಕ್ಕೆ ಕ್ಯಾಮೆರಾ ಹೋಗೋದಿಲ್ಲ.

ಬೇಸಿಗೆ ರಜೆ ಬಂತು ಅಂದ್ರೆ, ಡಿಸೆಂಬರ್ ಕೊನೆ ವಾರ ಬಂತು ಅಂದ್ರೆ ಸಾಕು, ಹೈಸ್ಕೂಲುಗಳ ಮುಂದೆ ಫ್ಲೆಕ್ಸ್ ಕಟ್ತಾರೆ. ಗುರುವಂದನೆ, ಸ್ನೇಹ ಸಮ್ಮಿಲನ, ಇಂಥಾ ವರ್ಷದ ಎಸ್ಸೆಸ್ಸೆಲ್ಸಿ ಬ್ಯಾಚ್. ತೊಂಬತ್ತರ ದಶಕದಲ್ಲಿ ಶಾಲೆ ಬಿಟ್ಟವರಿಗೆ ಈಗ ಐವತ್ತರ ಆಸುಪಾಸು. ಯಾರೋ ಒಬ್ಬರು ವಾಟ್ಸಾಪ್ ಗ್ರೂಪ್ ಮಾಡ್ತಾರೆ, ಇನ್ನೊಬ್ಬರು ಹಳೇ ಗ್ರೂಪ್ ಫೋಟೋ ಹಾಕ್ತಾರೆ, ಮೂರನೇ ಸಾಲಲ್ಲಿ ಕಣ್ಣು ಮುಚ್ಚಿಕೊಂಡು ನಿಂತವನು ಯಾರು ಅಂತ ರಾತ್ರಿ ಹನ್ನೆರಡರವರೆಗೆ ಚರ್ಚೆ. ಆಮೇಲೆ ಮೇಷ್ಟ್ರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಮಧ್ಯಾಹ್ನ ಊಟ.

ಇದು ಈ ಸೀಮೆಗೆ ಹೊಸದೇನಲ್ಲ ಬಿಡಿ. ಶಿರಾಳಕೊಪ್ಪದ ಪಕ್ಕದ ತಾಳಗುಂದದ ಕಲ್ಲಿನ ಕಂಬ ನೋಡಿ. ಮಯೂರಶರ್ಮ ಗುರು ವೀರಶರ್ಮನ ಜೊತೆ ಓದೋಕೆ ಅಂತ ಕಂಚಿಯ ಘಟಿಕೆಗೆ ಹೋದದ್ದು, ಅಲ್ಲಿ ಕುದುರೆ ಸವಾರನ ಜೊತೆ ಜಗಳ ಆದದ್ದು, ಅವಮಾನ ತಡೆಯಲಾರದೆ ಕತ್ತಿ ಹಿಡಿದದ್ದು ಎಲ್ಲ ಅದರಲ್ಲಿದೆ. ಅದನ್ನ ಕೆತ್ತಿಸಿದ್ದು ಮಯೂರಶರ್ಮ ಅಲ್ಲ. ಸುಮಾರು ನೂರು ವರ್ಷದ ನಂತರ, ಅವನದೇ ವಂಶದ ಶಾಂತಿವರ್ಮ. ಅಂದ್ರೆ ಮುತ್ತಜ್ಜನ ಕಾಲದ ಶಾಲೆಯ ಕಥೆಯನ್ನ ಒಂದು ಮನೆತನ ಅಷ್ಟು ಕಾಲ ಜೋಪಾನ ಮಾಡಿತ್ತು. ಗುರುವಿನ ಹೆಸರು ಕಲ್ಲಿನಲ್ಲಿದೆ. ಜೊತೆಗೆ ಓದಿದವರ ಹೆಸರು ಇಲ್ಲ.

ನನ್ನ ಪ್ರಶ್ನೆ ಇರೋದು ಅಲ್ಲೇ. ‘ಬ್ಯಾಚ್’ ಅಂದ್ರೆ ಯಾರು?

ಹಳೇ ಸ್ನೇಹ ಅಂದ್ರೆ ಬರೀ ಸೆಲ್ಫಿ ಅಲ್ಲ ಅನ್ನೋದಕ್ಕೆ ನಾನೇ ಸಾಕ್ಷಿ. ನಾನು ಇಂಜಿನಿಯರಿಂಗ್ ಸೇರೋ ಕಾಲಕ್ಕೆ ಸಿಇಟಿ ಕೌನ್ಸೆಲಿಂಗ್‌ಗೆ ಬೆಂಗಳೂರಿನ ಮಲ್ಲೇಶ್ವರಕ್ಕೇ ಬರಬೇಕಿತ್ತು. ಅಪ್ಪನಿಗೆ ಬ್ರಾಂಚ್ ಅಂದ್ರೇನು, ಫ್ರೀ ಸೀಟು ಅಂದ್ರೇನು ಒಂದೂ ಗೊತ್ತಿಲ್ಲ. ಜೊತೆಗೆ ಹತ್ತನೇ ಕ್ಲಾಸು ಓದಿದ್ದ ಸ್ನೇಹಿತರೊಬ್ಬರು ಬೆಂಗಳೂರಲ್ಲಿದ್ದರು. ಅವರ ಮನೇಲಿ ರಾತ್ರಿ ಉಳಕೊಂಡ್ವಿ. ಊಟ ಆದ್ಮೇಲೆ ಅವರು ಕಾಲೇಜುಗಳ ಪಟ್ಟಿ ಹಿಡಿದು ಕೂತು, ‘ಇದು ಬೇಡ, ಇದು ಬರೆದ್ಕೋ’ ಅಂತ ಹೇಳಿಕೊಟ್ರು. ಆ ಪಟ್ಟಿಯ ಮೇಲೆ ನನ್ನ ಓದು ನಿಂತಿತು. ಅಪ್ಪ ಹತ್ತನೇ ಕ್ಲಾಸು ಪಾಸಾಗಿ ಆ ಸ್ನೇಹ ಉಳಿಸಿಕೊಂಡಿದ್ರಿಂದ ನನಗೆ ಅದು ಸಿಕ್ತು. ಫೇಲಾದವರ ಮಕ್ಕಳಿಗೆ ಯಾರು ಪಟ್ಟಿ ಬರೆದುಕೊಡ್ತಾರೆ?

ಕಳೆದ ಸಲ ಆ ಕಡೆಯದ್ದೇ ಒಂದು ಹೈಸ್ಕೂಲಿನ ಸಮ್ಮಿಲನಕ್ಕೆ ನಿರೂಪಣೆ ಮಾಡೋಕೆ ನನ್ನನ್ನ ಕರೆದಿದ್ರು. ಟಿವಿಯವನು ಅಂತ ಕರೆದದ್ದು, ನಾನು ಆ ಬ್ಯಾಚಿನವನೇನಲ್ಲ. ಸನ್ಮಾನ ಆದ ಮೇಲೆ ನಿವೃತ್ತ ಮೇಷ್ಟ್ರೊಬ್ಬರು ಮೈಕ್ ಹಿಡಿದು, ‘ಭಾಷಣ ಬೇಡ, ಹಾಜರಿ ಕರೀತೀನಿ’ ಅಂದ್ರು. ಕಚೇರಿಯ ಬೀರುವಿನಿಂದ ತೆಗೆಸಿದ್ದು ಹತ್ತನೇ ಕ್ಲಾಸಿನ ಪಟ್ಟಿ ಅಲ್ಲ, ಎಂಟನೇ ಕ್ಲಾಸಿನ ಹಾಜರಿ ಪುಸ್ತಕ. ಅರುವತ್ತೆರಡು ಹೆಸರು. ಗ್ರೂಪಿನಲ್ಲಿದ್ದವರು ಇಪ್ಪತ್ತೆಂಟು.

ಒಂದೊಂದೇ ಹೆಸರು ಕರೀತಾ ಹೋದ್ರು. ‘ಹಾಜರ್ ಸಾರ್’ ಅಂತ ನಗು, ಚಪ್ಪಾಳೆ. ನಡುವೆ ಉತ್ತರ ಬಾರದ ಹೆಸರುಗಳು. ಮೊದಮೊದಲು ಜನ ಅದಕ್ಕೂ ನಕ್ಕರು, ಆಮೇಲೆ ಸುಮ್ಮನಾದರು. ಒಂದು ಹೆಸರಿಗೆ ಉತ್ತರ ಶಾಮಿಯಾನದ ಹೊರಗಿಂದ ಬಂತು. ಕುರ್ಚಿ, ಪಾತ್ರೆ ತಂದಿಳಿಸಿದ್ದ ಗೂಡ್ಸ್ ಆಟೋದವರು. ಬೆಳಿಗ್ಗೆಯಿಂದ ಅಲ್ಲೇ ಇದ್ರು, ಒಬ್ಬರಿಗೂ ಗುರುತು ಹತ್ತಿರಲಿಲ್ಲ. ಗಣಿತದಲ್ಲಿ ಫೇಲಾಗಿ ಬಿಟ್ಟವರಂತೆ. ‘ಬಾರೋ ಒಳಗೆ’ ಅಂದ್ರು ಮೇಷ್ಟ್ರು. ಅವರು ಬರಲಿಲ್ಲ, ‘ಗಾಡಿ ನೋಡ್ಕೋಬೇಕು ಸಾರ್’ ಅಂದ್ರು. ಸ್ವಾಗತಕ್ಕೆ ಹೂವಿನ ತಟ್ಟೆ ಹಿಡಿದು ನಿಂತಿದ್ದ ಮಕ್ಕಳಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ತಟ್ಟೆಯನ್ನ ಪಕ್ಕದವಳ ಕೈಗೆ ಕೊಟ್ಟು, ಹೋಗಿ ಅವರ ಕೈ ಹಿಡಿದು ಕರಕೊಂಡು ಬಂದಳು. ಮಗಳು. ಅಪ್ಪ ಇದೇ ಶಾಲೇಲಿ ಓದಿದ್ದು ಅಂತ ಅವಳಿಗೂ ಆವತ್ತೇ ಗೊತ್ತಾಗಿದ್ದು. ಫೇಲಾಗಿದ್ದನ್ನ ಮುಚ್ಚಿಡೋಕೆ ಅವರು ಶಾಲೆಯನ್ನೇ ಮುಚ್ಚಿಟ್ಟಿದ್ರು.

ನೋಡಿ, ಇದು ಬರೀ ಭಾವುಕತೆ ಅಲ್ಲ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಶಿವಮೊಗ್ಗ ಜಿಲ್ಲೆ ರಾಜ್ಯಕ್ಕೇ ಮೂರನೇ ಸ್ಥಾನದಲ್ಲಿತ್ತು. ಹೆಮ್ಮೆಯಿಂದ ಬ್ರೇಕಿಂಗ್ ಹಾಕಿದ್ವಿ. ಆ ವರ್ಷ ಇಡೀ ರಾಜ್ಯದ್ದು ಶೇಕಡಾ 73.40. ಅಂದ್ರೆ ನೂರರಲ್ಲಿ ಇಪ್ಪತ್ತಾರಕ್ಕೂ ಹೆಚ್ಚು ಮಕ್ಕಳು ಆ ದಿನ ಪಟ್ಟಿಯಿಂದ ಹೊರಗೆ. ಆಗ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ಬರೆಯೋ ಅವಕಾಶ ಇತ್ತು, ಒಳ್ಳೇದು. ಹೊರಗುಳಿದವರನ್ನ ಪರೀಕ್ಷೆಗೆ ವಾಪಸ್ ಕರೆತರೋದು ಮಾತ್ರ ಸರ್ಕಾರದ ಸುತ್ತೋಲೆಯಿಂದ ಆಗೋ ಕೆಲಸ ಅಲ್ಲ. ಸೊರಬದ ಶಾಸಕರಾದ ಮಧು ಬಂಗಾರಪ್ಪನವರೇ 2023ರಲ್ಲಿ ಶಾಲಾ ಶಿಕ್ಷಣ ಸಚಿವರಾದವರು. ಹಳೇ ವಿದ್ಯಾರ್ಥಿಗಳು ಶಾಲೆಗೆ ನೆರವಾಗಲಿ ಅಂತ ಇಲಾಖೆ ಹೇಳ್ತಾ ಬಂದಿದೆ. ನೆರವು ಅಂದ್ರೆ ನಾವು ಬೆಂಚು, ಬಣ್ಣ, ಸ್ಮಾರ್ಟ್ ಟಿವಿ ಅಂದ್ಕೊಂಡಿದ್ದೀವಿ. ಕೊಡಿ, ಬೇಡ ಅನ್ನಲ್ಲ. ಅದರ ಜೊತೆ ಎಂಟನೇ ಕ್ಲಾಸಿನ ಹಾಜರಿ ಪುಸ್ತಕವನ್ನೂ ಒಂದ್ಸಲ ತೆಗೆಸಿ.

ಆ ಬ್ಯಾಚಿನವರು ಈಗ ಅದನ್ನೇ ಮಾಡ್ತಿದ್ದಾರೆ. ಗ್ರೂಪಿಗೆ ಆಟೋದವರು ಸೇರಿದ್ದಾರೆ. ಅವರ ಮಗಳಿಗೆ ಡಿಪ್ಲೊಮಾನೋ ಪಿಯುಸಿನೋ ಅಂತ ಗ್ರೂಪಿನ ಇಬ್ಬರು ಲೆಕ್ಚರರ್‌ಗಳು ಈಗಲೇ ಜಗಳ ಆಡ್ತಿದ್ದಾರಂತೆ. ಶುಂಠಿ ವ್ಯಾಪಾರದವರು, ತೋಟದ ಕೆಲಸದವರು, ಗಾರೆ ಕೆಲಸದವರು ಒಬ್ಬೊಬ್ಬರೇ ಸಿಕ್ತಿದ್ದಾರೆ. ತೀರಿಕೊಂಡವರು ನಾಲ್ಕು ಜನ, ಅವರ ಮನೆಗಳಿಗೂ ಹೋಗಿ ಬಂದರಂತೆ.

ಇನ್ನೂ ಹನ್ನೊಂದು ಹೆಸರು ಸಿಕ್ಕಿಲ್ಲ. ಅದರಲ್ಲಿ ಒಂಬತ್ತು ಹೆಣ್ಣುಮಕ್ಕಳದ್ದು. ಮದುವೆಯಾಗಿ ಹೋದ ಊರು ಗೊತ್ತಿಲ್ಲ, ತವರಿನ ಮನೆ ಈಗಿಲ್ಲ, ಕೆಲವರಿಗೆ ಗಂಡನ ಮನೇಲಿ ಹೆಸರೂ ಬದಲಾಗಿರಬಹುದು. ಹುಡುಕ್ತಾ ಇದ್ದಾರೆ.