ನೆರೆನಾಡುಗಳ ನಂಟು: ನಾಲ್ಕು ತಾಲ್ಲೂಕುಗಳ ಕಡೆಯಿಂದ



ಏಷ್ಯಾದ ನೆರೆಯ ದೇಶಗಳ ಆರ್ಥಿಕ, ತಾಂತ್ರಿಕ ಸಹಕಾರದ ಬಗ್ಗೆ ದೆಹಲಿಯಲ್ಲೋ ಬೆಂಗಳೂರಿನಲ್ಲೋ ಮಾತಾಡುವುದು ವಾಡಿಕೆ. ಅದನ್ನು ಚನ್ನಗಿರಿಗೆ ತಂದ ಸಂಘಟಕರಿಗೆ ನನ್ನ ಅಭಿನಂದನೆ. ಕೊಲಂಬೊ, ಥಿಂಪುಗಳಲ್ಲಿ ಆಗುವ ಒಪ್ಪಂದಗಳ ಬಿಸಿ ತಟ್ಟುವುದು ಇಲ್ಲಿಯ ಮಂಡಿಗಳಿಗೆ, ಅಡಿಕೆ ಬೆಳೆಗಾರರ ಸಹಕಾರ ಸಂಘ ತುಮ್ಕೋಸ್‌ನ ಧಾರಣೆಗೆ. ಬಿಸಿ ತಟ್ಟುವವರೇ ಆ ಒಪ್ಪಂದಗಳನ್ನು ಓದಬೇಕು ಎಂಬುದು ಇಂದಿನ ನನ್ನ ಆಶಯ.

ದಕ್ಷಿಣ ಏಷ್ಯಾ ದೇಶಗಳ ಸಹಕಾರ ಸಂಘಟನೆ ಸಾರ್ಕ್ ಹುಟ್ಟಿದ್ದು 1985ರ ಡಿಸೆಂಬರಿನಲ್ಲಿ, ಢಾಕಾದಲ್ಲಿ. ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದಕ್ಕೆ 2004ರಲ್ಲಿ ಸಹಿ ಬಿತ್ತು. 2006ರಲ್ಲಿ ಅದು ಜಾರಿಗೆ ಬಂತು. ಶ್ರೀಲಂಕಾದ ಜೊತೆಗಿನ ಪ್ರತ್ಯೇಕ ಒಪ್ಪಂದ ಅದಕ್ಕೂ ಹಳೆಯದು, 1998ರದ್ದು. 2014ರ ಕಠ್ಮಂಡು ಸಭೆಯ ನಂತರ ಸಾರ್ಕ್ ನಾಯಕರ ಶೃಂಗಸಭೆ ನಡೆದೇ ಇಲ್ಲ. ಈ ಇತಿಹಾಸವನ್ನು ಮುಂದಿನ ಗೋಷ್ಠಿಗಳ ವಿದ್ವಾಂಸರು ವಿವರಿಸುತ್ತಾರೆ. ನಾನು ನೇರವಾಗಿ ಅಡಿಕೆಗೆ ಬರುತ್ತೇನೆ.

ಅಡಿಕೆಯ ಆಮದಿಗೆ ನಮ್ಮಲ್ಲಿ ನೂರಕ್ಕೆ ನೂರು ಸುಂಕವಿದೆ. ಅದರ ಮೇಲೆ ಕನಿಷ್ಠ ಆಮದು ಬೆಲೆಯೂ ಇದೆ: ಕಿಲೋಗೆ 251 ರೂಪಾಯಿ ಇದ್ದದ್ದನ್ನು 2023ರ ಫೆಬ್ರುವರಿಯಲ್ಲಿ 351ಕ್ಕೆ ಏರಿಸಿದರು. ಅದಕ್ಕೆ ಕೆಲವು ತಿಂಗಳ ಮೊದಲು, 2022ರ ಸೆಪ್ಟೆಂಬರಿನಲ್ಲಿ, ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಈ ಬೆಲೆಯ ನಿರ್ಬಂಧವಿಲ್ಲದೆ ತರಲು ಕೇಂದ್ರ ಅನುಮತಿ ಕೊಟ್ಟಿತು. ನಮ್ಮ ತೋಟಗಾರರು ಕಂಗಾಲಾದರು. ಆ ಆತಂಕ ನನಗೆ ಅರ್ಥವಾಗುತ್ತದೆ. ಸಾಲ ಮಾಡಿ ಕೊಳವೆಬಾವಿ ಕೊರೆಸಿದವನು, ತೋಟದ ಫಸಲಿಗೆ ಚೇಣಿ ಮಾತು ಮುಗಿಸಿ ಮುಂಗಡ ಕೊಟ್ಟವನು ಧಾರಣೆ ಅಲುಗಾಡಿದರೆ ನಡುಗುವುದು ಸಹಜ. ಆದರೂ ಒಂದು ಮಾತು ಹೇಳಬೇಕು. ವರ್ಷಕ್ಕೆ 10 ಲಕ್ಷ ಟನ್ನಿಗೂ ಮೀರಿ ಅಡಿಕೆ ಬೆಳೆಯುವ ದೇಶವನ್ನು ಮುಳುಗಿಸುವ ಶಕ್ತಿ ಭೂತಾನಿನ ದಕ್ಷಿಣದ ತಪ್ಪಲಿನಲ್ಲಿ ಅಡಿಕೆ ಬೆಳೆಯುವ ಸಣ್ಣ ರೈತನಿಗಿಲ್ಲ. ಭಾರತದ ಗಡಿಯ ಊರಾದ ಜೈಗಾಂವ್‌ಗೆ ದಾಟಿದರೇ ಅವನಿಗೆ ಮಾರುಕಟ್ಟೆ.

ನಿಜವಾದ ಪೆಟ್ಟು ಬೀಳುವುದು ಸುಳ್ಳು ಮೂಲದಿಂದ. ಇಂಡೋನೇಷ್ಯಾದಂಥ ಮೂರನೆಯ ದೇಶದ ಅಡಿಕೆ ಶ್ರೀಲಂಕಾದ ಪ್ರಮಾಣಪತ್ರ ಅಂಟಿಸಿಕೊಂಡು ರಿಯಾಯಿತಿ ಸುಂಕದಲ್ಲಿ ಒಳಬರುತ್ತದೆ. ಮ್ಯಾನ್ಮಾರ್ ಗಡಿಯಿಂದ ಸುಂಕವೇ ಇಲ್ಲದೆ ಕಳ್ಳದಾರಿಯಲ್ಲಿ ನುಸುಳುತ್ತದೆ. ಇದರಿಂದ ನಮ್ಮ ಬೆಳೆಗಾರನಿಗೆ ಎಷ್ಟು ನಷ್ಟವೋ ಶ್ರೀಲಂಕಾದ ಪ್ರಾಮಾಣಿಕ ಬೆಳೆಗಾರನಿಗೂ ಅಷ್ಟೇ ನಷ್ಟ. ಅಲ್ಲಿಯೂ ಇಲ್ಲಿಯೂ ಒಂದೇ ಬಗೆಯ ಪರೀಕ್ಷೆ, ಒಂದೇ ಬಗೆಯ ದಾಖಲೆ, ಎರಡೂ ಕಡೆಯ ಅಧಿಕಾರಿಗಳು ಒಟ್ಟಿಗೆ ತೋಟ ನೋಡಿ ಇಳುವರಿ ಅಂದಾಜು ಮಾಡುವ ಪದ್ಧತಿ ಬಂದರೆ ಈ ವಂಚನೆ ತಗ್ಗುತ್ತದೆ. ನನ್ನ ಪಾಲಿಗೆ ತಾಂತ್ರಿಕ ಸಹಕಾರ ಎಂದರೆ ಇದೇ. ಕರ್ನಾಟಕ, ಕೇರಳದ ಅಡಿಕೆ ಬೆಳೆಗಾರರು ಬೆಲೆ ಕುಸಿತದ ಕಾಲದಲ್ಲಿ ರಾಜ್ಯದ ಗಡಿ ಮರೆತು 1973ರಲ್ಲಿ ಕ್ಯಾಂಪ್ಕೊ ಸಹಕಾರ ಸಂಸ್ಥೆ ಕಟ್ಟಿದರು. ದೇಶದ ಗಡಿಯಾಚೆಯ ಬೆಳೆಗಾರರೊಂದಿಗೂ ಅಂಥದೇ ಒಂದು ಮಾತುಕತೆ ಶುರುವಾಗಬೇಕು. ಆ ಮಾತುಕತೆಯಲ್ಲಿ ಆರೋಗ್ಯದ ವಿಷಯವೂ ಇರಬೇಕು: ಅಡಿಕೆ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ವರ್ಗೀಕರಿಸಿದೆ. ಈ ಪ್ರಶ್ನೆಯನ್ನು ಬದಿಗೆ ಸರಿಸುವಂತಿಲ್ಲ. ಇದು ಚನ್ನಗಿರಿಯೊಂದರ ತಲೆನೋವೂ ಅಲ್ಲ. ಅಡಿಕೆಯ ಬೇರೆ ಬಳಕೆಗಳು, ತೋಟದೊಳಗಿನ ಪರ್ಯಾಯ ಬೆಳೆಗಳು, ಇವುಗಳ ಸಂಶೋಧನೆಯ ಖರ್ಚನ್ನು ಬೆಳೆಯುವ ದೇಶಗಳೆಲ್ಲ ಹಂಚಿಕೊಳ್ಳಬಹುದಲ್ಲವೇ?

ಈಗ ಮೆಕ್ಕೆಜೋಳ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕೂ ತಾಲ್ಲೂಕುಗಳ ಮಳೆಯಾಶ್ರಿತ ಹೊಲಗಳ ಜೀವ ಅದು. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಕೃಷಿ ಕಾಲೇಜಿನ ವಿಜ್ಞಾನಿಗಳು ಮೆಕ್ಕೆಜೋಳದ ಸುಳಿಯಲ್ಲಿ ಒಂದು ಹೊಸ ಹುಳುವನ್ನು ಗುರುತಿಸಿದರು. ಅದು ಅಮೆರಿಕ ಖಂಡಗಳ ಫಾಲ್ ಸೈನಿಕ ಹುಳು, 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡಿತ್ತು. ಏಷ್ಯಾದಲ್ಲಿ ಮೊದಲು ಪತ್ತೆಯಾದದ್ದು ಇಲ್ಲಿಯೇ, ನ್ಯಾಮತಿ, ಹೊನ್ನಾಳಿಗಳ ಪಕ್ಕದಲ್ಲಿ. ಇದರ ಪತಂಗ ಒಂದೇ ರಾತ್ರಿ ನೂರು ಕಿಲೋಮೀಟರ್ ಹಾರಬಲ್ಲದು. ಅದೇ ವರ್ಷದ ಕೊನೆಯೊಳಗೆ ಬಾಂಗ್ಲಾದೇಶ, ಶ್ರೀಲಂಕಾ, ಥಾಯ್ಲೆಂಡ್‌ಗಳಲ್ಲಿ ಅದು ಕಂಡಿತು. 2019ರ ಜನವರಿಯಲ್ಲಿ ಚೀನಾದ ಯುನ್ನಾನ್ ಪ್ರಾಂತ್ಯ ಮುಟ್ಟಿತು.

ಹುಳುವಿನ ಜೊತೆಜೊತೆಗೇ ಇಲ್ಲಿ ಅರಿವೂ ಹುಟ್ಟಿತು. ಸುಳಿಗೆ ಮರಳು ಮತ್ತು ಸುಣ್ಣ ಬೆರೆಸಿ ಹಾಕುವುದು, ತೌಡು, ಬೆಲ್ಲ ಕಲಸಿ ಹುಳಿ ಬರಿಸಿ ಕೀಟನಾಶಕ ಬೆರೆಸಿದ ವಿಷ ಪಾಷಾಣ ಮಾಡುವುದು, ಮೊಟ್ಟೆಯ ಗುಂಪುಗಳನ್ನು ಕೈಯಿಂದ ಆರಿಸಿ ನಾಶಮಾಡುವುದು ರೂಢಿಗೆ ಬಂದವು. ಹುಳುವನ್ನು ಸಹಜವಾಗಿಯೇ ಕೊಲ್ಲುವ ಶಿಲೀಂಧ್ರವೂ ನಮ್ಮದೇ ಹೊಲಗಳಲ್ಲಿ ಸಿಕ್ಕಿತು. ಬೆಳಗಾಗುವ ಮುಂಚೆ ಹೊಲಕ್ಕಿಳಿದು ಸುಳಿ ಸುಳಿಗೂ ಕೈಯಿಟ್ಟ ಹೆಣ್ಣುಮಕ್ಕಳಿಗೆ ಹುಳು ಯಾವ ಹೊತ್ತಿನಲ್ಲಿ ಮೇಲೆ ಬರುತ್ತದೆಂಬುದು ಚೆನ್ನಾಗಿ ಗೊತ್ತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇದರ ನಿಯಂತ್ರಣಕ್ಕೆ ಜಾಗತಿಕ ಕಾರ್ಯಕ್ರಮ ಆರಂಭಿಸಿತು. ವಿಜ್ಞಾನಿಗಳ ನಡುವೆ ಮಾಹಿತಿ ಓಡಾಡಿತು. ನೇಪಾಳದ, ಮ್ಯಾನ್ಮಾರಿನ ರೈತರಿಗೆ ನ್ಯಾಮತಿಯ ಹೊಲದಲ್ಲಿ ನಿಂತು ನೋಡುವ ಅವಕಾಶ ಮಾತ್ರ ಸಿಗಲಿಲ್ಲ. ನೆರೆದೇಶಗಳ ಅಧಿಕಾರಿಗಳಿಗೆ ತರಬೇತಿ ಕೊಡುವ ಐಟೆಕ್ ಕಾರ್ಯಕ್ರಮ ಭಾರತದಲ್ಲಿ 1964ರಿಂದ ಇದೆ. ಅದರ ಒಂದು ಬಾಗಿಲು ರೈತರಿಗೂ ತೆರೆಯಬೇಕೆಂದು ಈ ವೇದಿಕೆಯಿಂದ ಒತ್ತಾಯಿಸುತ್ತೇನೆ. ಮೆಕ್ಕೆಜೋಳದ ಬೆಲೆಯೂ ನೆರೆನಾಡುಗಳಿಗೆ ಹೆಣೆದುಕೊಂಡಿದೆ. ಎಥೆನಾಲ್ ತಯಾರಿಕೆಗೆ ಬೇಡಿಕೆ ಏರಿ, ಬಾಂಗ್ಲಾ, ವಿಯೆಟ್ನಾಂಗಳಿಗೆ ಮೆಕ್ಕೆಜೋಳ ಮಾರುತ್ತಿದ್ದ ನಾವು 2024ರಲ್ಲಿ ಮ್ಯಾನ್ಮಾರಿನಿಂದ ಕೊಳ್ಳುವಂತಾಯಿತು. ಮಾರುವವರು ಕೊಳ್ಳುವವರಾಗಲು ಹೆಚ್ಚು ಕಾಲ ಬೇಕಾಗಲಿಲ್ಲ.

ಭದ್ರಾ ಅಚ್ಚುಕಟ್ಟಿನ ಭತ್ತದ ಬಗ್ಗೆ ಎರಡೇ ಮಾತು. ಈ ಭಾಗದ ಗದ್ದೆಗಳಿಗೆ ಪರಿಚಿತವಾದ ಐ.ಆರ್. 64 ಫಿಲಿಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ತಳಿ. ಅದೇ ಸಂಸ್ಥೆಯ 1966ರ ಐ.ಆರ್. 8 ಇಂಡೋನೇಷ್ಯಾದ ಉದ್ದ ತಳಿಗೂ ತೈವಾನಿನ ಗಿಡ್ಡ ತಳಿಗೂ ಹುಟ್ಟಿದ್ದು. ಹೊನ್ನಾಳಿಯ ಗದ್ದೆ ಬಹಳ ಹಿಂದೆಯೇ ಏಷ್ಯಾದ ಸಹಕಾರದಿಂದ ಉಂಡಿದೆ.

ಕೊನೆಗೆ ಜಗಳೂರು. ಮಳೆ ಕೈಕೊಟ್ಟ ಈ ನೆಲಕ್ಕೆ ತುಂಗಭದ್ರೆಯ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆ ಜನರ ದೊಡ್ಡ ನಿರೀಕ್ಷೆ. ತುಂಬಿದ ಕೆರೆಯನ್ನು ಉಳಿಸಿಕೊಳ್ಳುವುದು ಹೇಗೆ? ಶ್ರೀಲಂಕಾದ ಒಣ ಪ್ರದೇಶದಲ್ಲಿ ಒಂದರಿಂದ ಒಂದಕ್ಕೆ ಹರಿಯುವ ಹಳ್ಳಿಗೆರೆಗಳ ಸರಣಿಗಳಿವೆ. ಜಾಗತಿಕ ಕೃಷಿ ಪರಂಪರೆಯೆಂದು ಅವುಗಳಿಗೆ ಮನ್ನಣೆ ಸಿಕ್ಕಿದೆ. ನೀರು ಕೆರೆ ಸೇರುವ ಕಡೆ ಹೂಳು ತಡೆಯುವ ಹುಲ್ಲಿನ ಪಟ್ಟಿ, ದಡದಲ್ಲಿ ಗಾಳಿ ತಡೆದು ನೀರು ಆವಿಯಾಗುವುದನ್ನು ತಗ್ಗಿಸುವ ಮರಗಳು, ಏರಿಯ ಹಿಂದೆ ಸವಳು ಹೀರುವ ಗಿಡಗಳು, ಇವೆಲ್ಲ ಅಲ್ಲಿಯ ವ್ಯವಸ್ಥೆಯ ಭಾಗ. ನಮ್ಮಲ್ಲಿ ನೀರಗಂಟಿ ಇದ್ದ. ತೂಬಿನ ಹೊತ್ತು, ಗದ್ದೆಯ ಸರದಿ ಅವನ ಕೈಯಲ್ಲಿತ್ತು. ಚನ್ನಗಿರಿಯ ಸೂಳೆಕೆರೆ ಕಟ್ಟಿದ ನಾಡಿಗೆ ಕಲಿಸಲು ಬಹಳಷ್ಟಿದೆ, ಕಲಿಯಲೂ ಇದೆ.

ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟು. ಈ ವರ್ಷದ ಕಿರು ಸಂಶೋಧನೆಗೆ ನಿಮ್ಮ ಊರಿನ ಒಂದು ಬೆಳೆ ಆರಿಸಿಕೊಳ್ಳಿ. ಅದರ ಧಾರಣೆ ಯಾವ ಅಧಿಸೂಚನೆಯ ನಂತರ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಎ.ಪಿ.ಎಂ.ಸಿ. ದಾಖಲೆಯಿಂದ ತೆಗೆಯಿರಿ. ನೆರೆಯ ದೇಶದಲ್ಲಿ ಅದೇ ಬೆಳೆ ಬೆಳೆಯುವವರಿಗೆ ಆ ಹೊತ್ತಿನಲ್ಲಿ ಏನು ಸಿಕ್ಕಿತು ಎಂಬುದನ್ನು ಅದರ ಪಕ್ಕದಲ್ಲಿ ಬರೆಯಿರಿ. ಇಂಥ ಇಪ್ಪತ್ತು ವರದಿಗಳು ಕೈಗೆ ಬಂದರೆ ಅವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿದ್ಧಪಡಿಸಿ ಕೇಂದ್ರ ವಾಣಿಜ್ಯ ಸಚಿವಾಲಯಕ್ಕೂ ಢಾಕಾದ ಸಾರ್ಕ್ ಕೃಷಿ ಕೇಂದ್ರಕ್ಕೂ ಕಳಿಸುವ ಕೆಲಸದಲ್ಲಿ ನಾನು ನಿಮ್ಮ ಜೊತೆಗಿರುತ್ತೇನೆ.